ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಮೊದಲ ಆರು ವಾರಗಳ ಕ್ರಮ

ಐಸಿಯುನಲ್ಲಿ 9 ದಿನ, ವಾರ್ಡಿನಲ್ಲಿ 8 ದಿನ ಕಳೆದ ಆಯಿಯನ್ನು (ಅಮ್ಮನನ್ನು) ಶಿರಸಿ ಸಮೀಪದ ನಮ್ಮ ಮನೆಗೆ ಕರೆತಂದ ಹನ್ನೊಂದನೇ ದಿನ ಮತ್ತೆ ಆಂಬುಲೆನ್ಸ್ ಹತ್ತಿಸಬೇಕಾಯಿತು. ಕಾಯಿಲೆ ಮರುಕಳಿಸಿರಲಿಲ್ಲ. ರಕ್ತದೊತ್ತಡದ ಒಂದೇ ಮಾತ್ರೆಯನ್ನು ಎರಡು ಕಂಪನಿಗಳ ಎರಡು ಹೆಸರಿನಲ್ಲಿ ನಾವೇ ದಿನವೂ ಕೊಡುತ್ತಿದ್ದೆವು. ನಸುಕಿನಲ್ಲಿ ಎದ್ದು ಬಚ್ಚಲಿಗೆ ಹೋದವಳು ತಲೆ ಸುತ್ತಿ ಬಿದ್ದಳು. ಸೊಂಟದ ಮೂಳೆ ಉಳಿದದ್ದು ನಮ್ಮ ಪುಣ್ಯ.

ಆಮೇಲೆ ಬಂಧುಗಳು, ನೆರೆಯವರು, ಅಂಕೋಲಾದಲ್ಲಿರುವ ತಂಗಿಯ ಕೇರಿಯವರು ಇಂಥದೇ ಸಂಕಟದಲ್ಲಿ ಕರೆ ಮಾಡಿದಾಗಲೆಲ್ಲ ನಾನು ಕಂಡದ್ದು ಒಂದೇ: ಪ್ರೀತಿಗೆ ಕೊರತೆಯಿಲ್ಲ, ಕ್ರಮ ಮಾತ್ರ ತಲೆಕೆಳಗು. ರೋಗಿಯನ್ನು ಮೊದಲು ಕರೆತರುತ್ತಾರೆ, ಮನೆಯನ್ನು ಆಮೇಲೆ ಸಿದ್ಧ ಮಾಡುತ್ತಾರೆ. ಮೊದಲು ಮಾತ್ರೆ ನುಂಗಿಸುತ್ತಾರೆ, ಚೀಟಿಯನ್ನು ಆಮೇಲೆ ಓದುತ್ತಾರೆ. ಮಲಗಿಸಿ ಗಂಜಿ ಕೊಡುತ್ತಾರೆ, ಕಾಲಿನಲ್ಲಿ ಶಕ್ತಿ ಇಲ್ಲವಲ್ಲ ಎಂದು ತಿಂಗಳ ನಂತರ ಮರುಗುತ್ತಾರೆ.

ನ್ಯುಮೋನಿಯಾ, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ), ಇಲಿ ಜ್ವರ, ತೀವ್ರ ಡೆಂಗಿ, ಮಂಗನ ಕಾಯಿಲೆ ಮುಂತಾದ ಗಂಭೀರ ಕಾಯಿಲೆಯಿಂದ ಚೇತರಿಸಿಕೊಂಡು ಮನೆಗೆ ಬರುವ ದೊಡ್ಡವರಿಗಾಗಿ ಈ ಕ್ರಮ. ಹೃದಯಾಘಾತ, ಪಾರ್ಶ್ವವಾಯು, ಶಸ್ತ್ರಚಿಕಿತ್ಸೆ ಆದವರಿಗೆ ಇದರ ಜೊತೆಗೆ ಬೇರೆ ನಿಯಮಗಳೂ ಇರುತ್ತವೆ. ನಿಮ್ಮ ವೈದ್ಯರು ಬರೆದುಕೊಟ್ಟದ್ದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಬಂದರೆ ವೈದ್ಯರ ಮಾತೇ ನಡೆಯಲಿ.

## ಮೊದಲೇ ಕೂಡಿಡಬೇಕಾದ ಸಾಮಾನು

ಬಿಡುಗಡೆಯ ಹಿಂದಿನ ದಿನವೇ ಇವು ಮನೆಯಲ್ಲಿರಬೇಕು: ಡಿಜಿಟಲ್ ಥರ್ಮಾಮೀಟರ್, ತೋಳಿಗೆ ಕಟ್ಟುವ ರಕ್ತದೊತ್ತಡದ ಯಂತ್ರ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್, ತೂಕದ ಯಂತ್ರ, ಮಧುಮೇಹ ಇದ್ದರೆ ಗ್ಲುಕೋಮೀಟರ್. ಕೈ ಇರುವ ಗಟ್ಟಿಯಾದ ಕುರ್ಚಿ ಒಂದು, ಕಮೋಡ್ ಕುರ್ಚಿ ಒಂದು, ಊರುಗೋಲು ಅಥವಾ ವಾಕರ್. ಬಚ್ಚಲಿಗೆ ಜಾರದ ರಬ್ಬರ್ ಮ್ಯಾಟ್. ರಾತ್ರಿ ಉರಿಯುವ ಸಣ್ಣ ದೀಪ, ಚಾರ್ಜ್ ಆಗುವ ಟಾರ್ಚ್. ಕರೆಯಲು ಒಂದು ಗಂಟೆ. ದೇವರ ಕೋಣೆಯದೇ ಆದೀತು. 200 ಪುಟದ ನೋಟ್‌ಬುಕ್ ಮತ್ತು ದಾರದಲ್ಲಿ ಕಟ್ಟಿದ ಪೆನ್ನು.

ಕಮೋಡ್ ಕುರ್ಚಿ, ವಾಕರ್‌ಗಳನ್ನು ಕೊಳ್ಳುವ ಮೊದಲು ಊರಿನಲ್ಲಿ ವಿಚಾರಿಸಿ. ಬಳಸಿ ಅಟ್ಟದ ಮೇಲೆ ಇಟ್ಟವರು ಪ್ರತಿ ಕೇರಿಯಲ್ಲೂ ಒಬ್ಬರಾದರೂ ಇರುತ್ತಾರೆ. ತೊಳೆದು ಬಿಸಿಲಿಗಿಟ್ಟು, ಕಾಲಿನ ರಬ್ಬರ್ ಬಿರಡೆಗಳು ಸವೆದಿದ್ದರೆ ಬದಲಿಸಿ ಬಳಸಿ. ರಕ್ತದೊತ್ತಡದ ಯಂತ್ರವನ್ನು ಮಾತ್ರ ಮೊದಲ ಸಲ ವೈದ್ಯರ ಬಳಿ ಒಯ್ದು ಅವರ ಯಂತ್ರದೊಂದಿಗೆ ಹೋಲಿಸಿಕೊಳ್ಳಿ.

## ಹಂತ 1: ಮನೆಯನ್ನು ಸಿದ್ಧ ಮಾಡುವುದು (ಬಿಡುಗಡೆಗೆ ಎರಡು ದಿನ ಮೊದಲು)

ಮಂಚದಿಂದ ಶೌಚಕ್ಕೆ ಹೋಗುವ ದಾರಿಯನ್ನು ನೀವೇ ಒಮ್ಮೆ ರಾತ್ರಿ ದೀಪ ಆರಿಸಿ, ನಿಧಾನವಾಗಿ ನಡೆದು ನೋಡಿ. ಎಡವುವ ಜಾಗಗಳೆಲ್ಲ ಆಗ ಗೊತ್ತಾಗುತ್ತವೆ: ಎತ್ತರದ ಹೊಸ್ತಿಲು, ಮಡಚಿದ ಚಾಪೆ, ಬಾಗಿಲ ಬಳಿ ಬಿಟ್ಟ ಚಪ್ಪಲಿ, ಹಿತ್ತಿಲ ಕಡೆಯ ಮೆಟ್ಟಿಲು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲು ಮನೆಯ ಹಿಂಬದಿಗೆ, ಒಂದೆರಡು ಮೆಟ್ಟಿಲು ಕೆಳಗೆ ಇರುತ್ತದೆ. ಮಳೆಗಾಲದಲ್ಲಿ ಅಲ್ಲಿನ ಕಲ್ಲಿನ ಮೇಲೆ ಹಾವಸೆ ಕಟ್ಟುತ್ತದೆ. ಅದನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆದು, ಒಣಗಿದ ಮೇಲೆ ಮ್ಯಾಟ್ ಹಾಸಿ. ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿ. ಹಿಡಿಕೆ ಹಿಡಿದು ನೀವೇ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿ. ಕೆಂಪುಕಲ್ಲಿನ ಗೋಡೆಗೆ ಸಣ್ಣ ಮೊಳೆ ಬಡಿದು ಕೂರಿಸಿದ ಹಿಡಿಕೆ ಕಿತ್ತು ಬಂದರೆ, ಹಿಡಿಕೆ ಇಲ್ಲದಿರುವುದಕ್ಕಿಂತ ಅಪಾಯ ಹೆಚ್ಚು. ಮೊದಲ ಎರಡು ವಾರ ರಾತ್ರಿ ಹೊತ್ತು ಬಚ್ಚಲೇ ಬೇಡ. ಕಮೋಡ್ ಕುರ್ಚಿ ಮಂಚದ ಪಕ್ಕದಲ್ಲೇ ಇರಲಿ. ಹಿರಿಯರಿಗೆ ಇದು ಅವಮಾನ ಅನ್ನಿಸುತ್ತದೆ. ಎದುರಿಗೆ ಒಂದು ಸೀರೆಯನ್ನು ಪರದೆಯಾಗಿ ಕಟ್ಟಿ, ಎದ್ದ ಕೂಡಲೇ ಮಾತಿಲ್ಲದೆ ತೆಗೆದು ತೊಳೆದಿಟ್ಟರೆ ಎರಡು ದಿನಗಳಲ್ಲಿ ಒಪ್ಪಿಕೊಳ್ಳುತ್ತಾರೆ.

ಮೆತ್ತಿನ (ಮಹಡಿಯ) ಮೇಲೆ ಮಲಗುವವರಾಗಿದ್ದರೆ ಹಾಸಿಗೆಯನ್ನು ಕೆಳಗಿಳಿಸಿ. ಗಾಳಿ, ಬೆಳಕು ಇರುವ, ಮನೆಯವರ ಓಡಾಟ ಕಾಣುವ ಜಾಗ ಒಳ್ಳೆಯದು. ಮಂಚದ ಅಂಚಿನಲ್ಲಿ ಕುಳಿತರೆ ಪಾದಗಳು ಪೂರ್ತಿ ನೆಲಕ್ಕೆ ತಾಗಬೇಕು. ಹಾಸಿಗೆ ಸೇರಿ 45ರಿಂದ 50 ಸೆಂಟಿಮೀಟರ್ ಎತ್ತರ ಬಹುಪಾಲು ಜನರಿಗೆ ಸರಿಹೊಂದುತ್ತದೆ. ನೆಲದ ಮೇಲೆ ಹಾಸಿಗೆ ಹಾಕಬೇಡಿ. ಅಲ್ಲಿಂದ ಏಳಲು ಬೇಕಾದ ತೊಡೆಯ ಬಲವನ್ನೇ ಈ ಕಾಯಿಲೆ ತಿಂದುಹಾಕಿರುತ್ತದೆ.

## ಹಂತ 2: ಬಿಡುಗಡೆಯ ಹೊತ್ತಿನ ಆರು ಪ್ರಶ್ನೆಗಳು

ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಡಿಸ್ಚಾರ್ಜ್ ಸಾರಾಂಶವನ್ನು ಮಡಚಿ ಚೀಲಕ್ಕೆ ಹಾಕುತ್ತೇವೆ. ಹಾಗೆ ಮಾಡದೆ ಒಬ್ಬರು ಬಿಲ್ಲಿನ ಕೆಲಸ ನೋಡಲಿ, ಇನ್ನೊಬ್ಬರು ಕಾಗದ ಹಿಡಿದು ವಾರ್ಡಿನ ವೈದ್ಯರ ಅಥವಾ ನರ್ಸ್ ಅವರ ಎದುರು ಕುಳಿತು ಇವನ್ನು ಕೇಳಿ ಬರೆದುಕೊಳ್ಳಲಿ:

1. ಕಾಯಿಲೆಗೆ ಮೊದಲು ತೆಗೆದುಕೊಳ್ಳುತ್ತಿದ್ದ ಹಳೆಯ ಮಾತ್ರೆಗಳಲ್ಲಿ ಯಾವುದು ಮುಂದುವರಿಯಬೇಕು, ಯಾವುದನ್ನು ನಿಲ್ಲಿಸಬೇಕು?
2. ಹೊಸ ಮಾತ್ರೆಗಳಲ್ಲಿ ಪ್ರತಿಯೊಂದೂ ಯಾತಕ್ಕೆ, ಎಷ್ಟು ದಿನ?
3. ಇನ್ನೂ ಬರಬೇಕಾದ ರಿಪೋರ್ಟ್ ಯಾವುದಾದರೂ ಇದೆಯೇ? ಯಾವ ರೋಗಾಣು ಎಂದು ಪತ್ತೆಹಚ್ಚುವ ರಕ್ತದ, ಮೂತ್ರದ ಕಲ್ಚರ್ ಪರೀಕ್ಷೆಯ ಫಲಿತಾಂಶ ಬರಲು ಕೆಲವು ದಿನ ಹಿಡಿಯುತ್ತದೆ. ಅದನ್ನು ಯಾರಿಗೆ ಕರೆ ಮಾಡಿ ಕೇಳಬೇಕು?
4. ನೀರು, ಉಪ್ಪು, ಪ್ರೋಟೀನ್‌ಗೆ ಮಿತಿ ಇದೆಯೇ? ಇದ್ದರೆ ದಿನಕ್ಕೆ ಎಷ್ಟು?
5. ಇವರ ಮಟ್ಟಿಗೆ ಎಷ್ಟು ರಕ್ತದೊತ್ತಡ, ಎಷ್ಟು ಆಮ್ಲಜನಕ ಸರಿ? ಎಷ್ಟಕ್ಕಿಂತ ಇಳಿದರೆ ಕರೆ ಮಾಡಬೇಕು?
6. ರಾತ್ರಿ ತೊಂದರೆಯಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು?

ಕಾಗದದ ಪ್ರತಿ ಪುಟದ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಬರೆದ ಮಾತ್ರೆ ಹಳ್ಳಿಯ ಅಂಗಡಿಯಲ್ಲಿ ಸಿಗದೇ ಹೋಗಬಹುದು. ಕನಿಷ್ಠ 15 ದಿನದ ಔಷಧವನ್ನು ಅಲ್ಲಿಯೇ ಕೊಂಡು ಹೊರಡಿ.

## ಹಂತ 3: ಘಟ್ಟದ ಪ್ರಯಾಣ

ಬೆಳಗ್ಗೆಯೇ ಹೊರಡುವಂತೆ ನೋಡಿಕೊಳ್ಳಿ. ಬಿಡುಗಡೆಯ ಕಾಗದ ಕೈಗೆ ಬರುವಾಗ ಸಂಜೆಯಾದರೆ, ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಕತ್ತಲೆಯಲ್ಲಿ ಹತ್ತುವ ಬದಲು ಆ ರಾತ್ರಿ ಅಲ್ಲಿಯೇ ಎಲ್ಲಾದರೂ ಉಳಿಯುವುದು ಮೇಲು. ವಾಕರಿಕೆಯ ಮಾತ್ರೆ ಕೊಡಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಒಂದೂವರೆ ಗಂಟೆಗೊಮ್ಮೆ ವಾಹನ ನಿಲ್ಲಿಸಿ, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಲು ಹೇಳಿ. ತುಂಬ ಹೊತ್ತು ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮೂತ್ರದ ಚೀಲ ಹಾಕಿದ್ದರೆ ಅದು ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಬೇಕು, ತೊಡೆಯ ಮೇಲೆ ಇಡಬೇಡಿ.

## ಹಂತ 4: ಮೊದಲ ಸಂಜೆ, ಔಷಧದ ಮೂರು ಗುಂಪು

ಮನೆಗೆ ಮುಟ್ಟಿದ ಸಂಜೆ, ಮುಂದಿನ ಮಾತ್ರೆ ಕೊಡುವುದಕ್ಕೂ ಮೊದಲು ಆಗಬೇಕಾದ ಕೆಲಸ ಇದು. ನಾವು ತಪ್ಪಿದ್ದು ಇಲ್ಲೇ.

ಮನೆಯಲ್ಲಿರುವ ಎಲ್ಲ ಔಷಧಗಳನ್ನು, ಅಲಮಾರಿಯಲ್ಲಿದ್ದ ಹಳೆಯವೂ ಸೇರಿ, ಒಂದು ಹಾಸಿದ ಬಟ್ಟೆಯ ಮೇಲೆ ಸುರಿಯಿರಿ. ಬೆಳಕು ಚೆನ್ನಾಗಿರಲಿ, ಕನ್ನಡಕ ಹಾಕಿಕೊಳ್ಳಿ. ಪ್ರತಿ ಪಟ್ಟಿಯ ಮೇಲೂ ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು ಇರುತ್ತದೆ, ಅದರ ಹತ್ತಿರ ಸಣ್ಣ ಅಕ್ಷರದಲ್ಲಿ ಒಳಗಿರುವ ಔಷಧದ ಹೆಸರು ಮತ್ತು ಮಿಲಿಗ್ರಾಂ ಇರುತ್ತದೆ. ನೀವು ಓದಬೇಕಾದದ್ದು ಆ ಸಣ್ಣ ಅಕ್ಷರವನ್ನು. ಆಯಿಯ ಹಳೆಯ ಪಟ್ಟಿಯಲ್ಲೂ ಹೊಸ ಪಟ್ಟಿಯಲ್ಲೂ ಒಳಗಿದ್ದದ್ದು ಆಮ್ಲೋಡಿಪಿನ್. ಬಣ್ಣ ಬೇರೆ, ಹೆಸರು ಬೇರೆ. ಮೂರು ಜನ ಓದು ಬಲ್ಲವರಿದ್ದ ಮನೆಯಲ್ಲಿ ಯಾರೂ ಸಣ್ಣ ಅಕ್ಷರ ನೋಡಲಿಲ್ಲ. ಜನೌಷಧಿ ಕೇಂದ್ರದಿಂದ ತಂದ ಮಾತ್ರೆಗಳಲ್ಲಿ ಔಷಧದ ಮೂಲ ಹೆಸರೇ ಇರುವುದರಿಂದ ಹೋಲಿಸುವುದು ಸುಲಭ.

ಈಗ ಮೂರು ಗುಂಪು ಮಾಡಿ: ಹೊಸದು, ಮುಂದುವರಿಯುವ ಹಳೆಯದು, ನಿಲ್ಲಿಸಿದ್ದು. ನಿಲ್ಲಿಸಿದ ಗುಂಪನ್ನು ಚೀಲದಲ್ಲಿ ಕಟ್ಟಿ ರೋಗಿಯ ಕೈಗೆ ಸಿಗದ ಕಡೆ ಇಡಿ. ಅಭ್ಯಾಸಬಲದಿಂದ ಹಳೆಯ ಡಬ್ಬಿಗೆ ಕೈಹಾಕುವವರು ಬಹಳ. ಯಾವ ಗುಂಪಿಗೆ ಸೇರುತ್ತದೆ ಎಂದು ಗೊತ್ತಾಗದ ಮಾತ್ರೆ ಇದ್ದರೆ ಊಹಿಸಬೇಡಿ, ಅಂದೇ ಕರೆ ಮಾಡಿ ಕೇಳಿ.

ನಂತರ ಒಂದು ದೊಡ್ಡ ಹಾಳೆಯಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಕಾಲಂ ಎಳೆದು, ಮಾತ್ರೆಯ ಹೆಸರು, ಊಟಕ್ಕೆ ಮೊದಲೋ ನಂತರವೋ, ನಿಲ್ಲಿಸುವ ದಿನಾಂಕ ಯಾವುದು ಎಂದು ಬರೆದು ಗೋಡೆಗೆ ಅಂಟಿಸಿ. ಕೊಟ್ಟ ಮೇಲೆ ಗುರುತು ಹಾಕಿ. ಔಷಧ ಕೊಡುವ ಜವಾಬ್ದಾರಿ ಒಬ್ಬರದೇ ಆಗಿರಲಿ. ‘ನೀನು ಕೊಟ್ಟಿರುತ್ತೀಯ ಅಂದುಕೊಂಡೆ’ ಎಂಬ ಮಾತು ಮನೆಯಲ್ಲಿ ಒಮ್ಮೆಯೂ ಬರಬಾರದು.

ಇಲ್ಲಿ ಪದೇ ಪದೇ ಆಗುವ ತಪ್ಪುಗಳಿವು. ಜ್ವರ ಬಿಟ್ಟಿತೆಂದು ಆ್ಯಂಟಿಬಯೋಟಿಕ್ ಅರ್ಧಕ್ಕೆ ನಿಲ್ಲಿಸುವುದು. ಸ್ಟಿರಾಯ್ಡ್ ಮಾತ್ರೆಯನ್ನು ‘ಅದು ಕೆಟ್ಟದ್ದು’ ಎಂದು ಯಾರೋ ಹೇಳಿದ್ದಕ್ಕೆ ಒಮ್ಮೆಲೇ ಬಿಡುವುದು. ವಾರಗಟ್ಟಲೆ ತೆಗೆದುಕೊಂಡಿದ್ದರೆ ಅದನ್ನು ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು, ಇಲ್ಲದಿದ್ದರೆ ರಕ್ತದೊತ್ತಡ ಕುಸಿಯಬಹುದು. ಬೆಳಗ್ಗೆ ಮರೆತ ಮಾತ್ರೆಯನ್ನು ಸೇರಿಸಿ ರಾತ್ರಿ ಎರಡು ಕೊಡುವುದು. ವಾರಕ್ಕೆ ಒಮ್ಮೆ ಎಂದು ಬರೆದ ಮಾತ್ರೆಯನ್ನು ದಿನವೂ ಕೊಡುವುದು. ಮೆಥೋಟ್ರೆಕ್ಸೇಟ್‌ನಂಥ ಔಷಧದಲ್ಲಿ ಈ ತಪ್ಪು ಪ್ರಾಣಕ್ಕೇ ಮುಳುವಾಗುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡುವುದು. ಕಾಯಿಲೆಯಲ್ಲಿ ದಣಿದ ಮೂತ್ರಪಿಂಡಕ್ಕೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಭಾರವಾಗುತ್ತವೆ.

ಕಷಾಯದ ವಿಷಯ. ಕೊತ್ತಂಬರಿ, ಜೀರಿಗೆಯ ದಿನನಿತ್ಯದ ಕಷಾಯಕ್ಕೆ ನನ್ನ ತಕರಾರಿಲ್ಲ. ಆದರೆ ಜ್ಯೇಷ್ಠಮಧುವನ್ನು ದಿನವೂ ಕುದಿಸಿ ಕುಡಿದರೆ ರಕ್ತದೊತ್ತಡ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಬೇರು, ತೊಗಟೆ, ಭಸ್ಮ ಯಾವುದನ್ನೇ ಆದರೂ ಮೊದಲ ಆರು ವಾರ ಕೇಳದೆ ಸೇರಿಸಬೇಡಿ.

ನಮ್ಮ ಮಳೆಗಾಲದ ತೇವಕ್ಕೆ, ಪಟ್ಟಿಯಿಂದ ಬಿಡಿಸಿದ ಮಾತ್ರೆ ಮೆತ್ತಗಾಗುತ್ತದೆ. ವಾರದ ಡಬ್ಬಿಗೆ ತುಂಬುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನದ್ದನ್ನಷ್ಟೇ ತುಂಬಿ.

## ಹಂತ 5: ನೋಟ್‌ಬುಕ್

ಬೆಳಗ್ಗೆ ಮತ್ತು ಸಂಜೆ ಒಂದೇ ಹೊತ್ತಿಗೆ ಅಳೆದು ಬರೆಯಿರಿ: ಜ್ವರ, ನಾಡಿ, ರಕ್ತದೊತ್ತಡ, ಆಮ್ಲಜನಕ. ಬೆಳಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ ತೂಕ. ಇದರ ಜೊತೆ ಮಲ, ಮೂತ್ರ, ಎಷ್ಟು ತಿಂದರು, ಎಷ್ಟು ನಡೆದರು ಎಂದು ಒಂದು ಸಾಲು. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆರಳು ತಣ್ಣಗಿದ್ದರೆ, ಉಗುರುಬಣ್ಣ ಇದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ಒಂದೇ ಕಡೆ ನಿಲ್ಲುವ ತನಕ ಕಾಯಿರಿ.

ಅಂಕಿಗಿಂತಲೂ ಅದು ಯಾವ ಕಡೆ ಸಾಗುತ್ತಿದೆ ಎನ್ನುವುದು ಮುಖ್ಯ. 97, 96, 95, 93 ಎಂದು ನಾಲ್ಕು ದಿನದಲ್ಲಿ ಇಳಿದದ್ದು ಪುಟದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ.

## ಅಪಾಯದ ಚಿಹ್ನೆಗಳು

ಇದನ್ನು ಮುಂದಿನ ಹಂತಗಳಿಗೆ ಮೊದಲೇ ಓದಿ, ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ.

ಕೂಡಲೇ 108ಕ್ಕೆ ಕರೆ ಮಾಡಬೇಕಾದವು: ಇದ್ದಕ್ಕಿದ್ದಂತೆ ಗೊಂದಲ, ಅಸಂಬದ್ಧ ಮಾತು, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿರುವುದು. ಸುಮ್ಮನೆ ಕುಳಿತಾಗಲೂ ಏದುಸಿರು, ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು. ಆಮ್ಲಜನಕ 90 ಅಥವಾ ಅದಕ್ಕಿಂತ ಕೆಳಗೆ (ಹಳೆಯ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ವೈದ್ಯರು ಬೇರೆ ಅಂಕಿ ಹೇಳಿರಬಹುದು). ಎದೆನೋವು. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈಯ ಬಲ ಹೋಗುವುದು. ಮೈ ತಣ್ಣಗಾಗಿ ಚರ್ಮ ನೀಲಿಗಟ್ಟುವುದು. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ.

ಅಂದೇ ವೈದ್ಯರನ್ನು ಕಾಣಬೇಕಾದವು: 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಚಳಿ ನಡುಕ. ಆಮ್ಲಜನಕ 92ಕ್ಕಿಂತ ಕೆಳಗೆ. ಒಂದೇ ಕಾಲು ಊದಿ ಮೀನಖಂಡ ನೋಯುವುದು. ಇದರ ಜೊತೆ ಉಸಿರಾಟದ ತೊಂದರೆಯೂ ಬಂದರೆ 108. ಏಳೆಂಟು ಗಂಟೆ ಮೂತ್ರ ಬಾರದಿರುವುದು. ಹೃದಯದ ತೊಂದರೆ ಇದ್ದವರಲ್ಲಿ ಮೂರು ದಿನದಲ್ಲಿ 2 ಕೆಜಿ ತೂಕ ಏರುವುದು. ಅದು ಮೈ ತುಂಬಿದ್ದಲ್ಲ, ನೀರು ನಿಂತದ್ದು. ಎದ್ದು ನಿಂತಾಗಲೆಲ್ಲ ಕಣ್ಣು ಕತ್ತಲಿಡುವುದು. ಆ್ಯಂಟಿಬಯೋಟಿಕ್ ಮುಗಿದ ನಂತರವೂ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರಿನಂಥ ಭೇದಿ.

ರಕ್ತದ ಸಕ್ಕರೆ 70ಕ್ಕಿಂತ ಇಳಿದು, ನುಂಗುವಷ್ಟು ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕೊಡಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಸಿದ್ದಾಪುರ, ಹೊನ್ನಾವರದ ಕಾಡಂಚಿನವರು ಇನ್ನೊಂದನ್ನು ನೆನಪಿಡಬೇಕು. ಮಂಗನ ಕಾಯಿಲೆಯಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದ ಕೆಲವರಿಗೆ ಎರಡನೇ ಸುತ್ತು ಬರುತ್ತದೆ: ಮತ್ತೆ ಜ್ವರ, ವಿಪರೀತ ತಲೆನೋವು, ಕತ್ತು ಬಿಗಿತ, ಕೈನಡುಕ. ‘ಗುಣವಾಗಿತ್ತಲ್ಲ, ಇದು ಬೇರೆ ಜ್ವರ’ ಎಂದು ಮನೆಯಲ್ಲಿ ಕೂರಬೇಡಿ.

## ಹಂತ 6: ಊಟ

ಬರಿ ಗಂಜಿ ಸಾಲದು. ನಮ್ಮ ಮನೆಗಳಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಐಸಿಯುನಲ್ಲಿದ್ದ ಮೊದಲ ಹತ್ತು ದಿನಗಳಲ್ಲೇ ತೊಡೆಯ ಸ್ನಾಯು ಕಣ್ಣಿಗೆ ಕಾಣುವಷ್ಟು ಕರಗುತ್ತದೆ. ಅದನ್ನು ಮತ್ತೆ ಕಟ್ಟಲು ಪ್ರೋಟೀನ್ ಬೇಕು: ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ. 50 ಕೆಜಿಯ ಆಯಿಗೆ ದಿನಕ್ಕೆ 60 ಗ್ರಾಂ ಬೇಕಿತ್ತು. ಒಂದು ಬಟ್ಟಲು ಗಂಜಿಯಲ್ಲಿ ಇರುವುದು ಎರಡು ಮೂರು ಗ್ರಾಂ ಮಾತ್ರ.

ಮೀನು ತಿನ್ನುವ ಮನೆಗಳಿಗೆ ದಾರಿ ಸುಲಭ. ನೂರು ಗ್ರಾಂ ಬಂಗುಡೆಯಲ್ಲಿ 18ರಿಂದ 20 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6. ಎಣ್ಣೆಯಲ್ಲಿ ಹುರಿಯುವ ಬದಲು ತೆಳ್ಳನೆಯ ಸಾರು ಮಾಡಿ, ಮುಳ್ಳು ಬಿಡಿಸಿ ಕೊಡಿ. ಒಣಮೀನು ಬೇಡ, ಉಪ್ಪು ವಿಪರೀತ.

ಸಸ್ಯಾಹಾರಿ ಮನೆಯಲ್ಲಿ ಯೋಚಿಸಿ ಹೊಂದಿಸಬೇಕು. ನಾವು ಮಾಡಿದ್ದು ಹೀಗೆ: ಬೆಳಗ್ಗೆ ಹೆಸರುಕಾಳು ನೆನೆಸಿ ರುಬ್ಬಿದ ತೆಳ್ಳೇವು (ತೆಳು ದೋಸೆ) ಎರಡು ಮತ್ತು ಒಂದು ಲೋಟ ಹಾಲು. ಹತ್ತೂವರೆಗೆ ನೆನೆಸಿ ಬೇಯಿಸಿದ ಒಂದು ಹಿಡಿ ಶೇಂಗಾ. ಮಧ್ಯಾಹ್ನ ಮೆತ್ತನೆಯ ಅನ್ನಕ್ಕೆ ನೀರು ಸಾರಿನ ಬದಲು ಗಟ್ಟಿ ತೊವ್ವೆ, ಮೇಲೆ ಒಂದು ಬಟ್ಟಲು ಮೊಸರು. ನಾಲ್ಕು ಗಂಟೆಗೆ ಹಾಲಿನಲ್ಲಿ ಮಾಡಿದ ರಾಗಿ ಅಂಬಲಿ. ರಾತ್ರಿ ಗಂಜಿಯೇ, ಆದರೆ ಅಕ್ಕಿಯ ಅರ್ಧದಷ್ಟು ಹೆಸರುಬೇಳೆ ಸೇರಿಸಿ ಬೇಯಿಸಿದ ಗಂಜಿ, ಜೊತೆಗೆ 50 ಗ್ರಾಂ ಪನೀರ್. ಹೀಗೆ ಅರವತ್ತರ ಹತ್ತಿರ ತಲುಪುತ್ತದೆ. ಒಮ್ಮೆಲೇ ತುಂಬ ತಿನ್ನಲಾಗದು. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ.

ನೀರಿನ ಮಿತಿ ಹೇಳಿದ್ದರೆ ತಂಬುಳಿ, ಅಪ್ಪೆಹುಳಿ, ಮಜ್ಜಿಗೆ, ಗಂಜಿಯ ತಿಳಿ, ಸಾರು ಎಲ್ಲವನ್ನೂ ಆ ಲೆಕ್ಕಕ್ಕೆ ಸೇರಿಸಿ. ಕುಡಿಯುವ ನೀರನ್ನಷ್ಟೇ ಅಳೆದು, ಅಪ್ಪೆಹುಳಿಯನ್ನು ಲೋಟಗಟ್ಟಲೆ ಕೊಟ್ಟು ಕಾಲು ಊದಿಸಿಕೊಂಡವರನ್ನು ಕಂಡಿದ್ದೇನೆ. ಉಪ್ಪಿನ ಮಿತಿ ಇದ್ದರೆ ಮಾವಿನಮಿಡಿ ಉಪ್ಪಿನಕಾಯಿಯನ್ನು ತಟ್ಟೆಯಿಂದ ದೂರವೇ ಇಡಬೇಕು. ಬಾಯಿರುಚಿ ಸತ್ತವರಿಗೆ ಇದು ದೊಡ್ಡ ತ್ಯಾಗ. ಬದಲಿಗೆ ನಿಂಬೆರಸ, ಮುರುಗಲು, ಶುಂಠಿ, ಹುರಿದ ಜೀರಿಗೆ ಬಳಸಿ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಎಳನೀರು ಕೇಳದೆ ಕೊಡಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಬಸಳೆ, ಹರಿವೆಯನ್ನು ಬಿಡಬೇಕಿಲ್ಲ. ಒಂದು ವಾರ ರಾಶಿ, ಮುಂದಿನ ವಾರ ಇಲ್ಲವೇ ಇಲ್ಲ ಎಂಬಂತೆ ಆಗದಿರಲಿ, ಅಷ್ಟೆ.

ವೆಂಟಿಲೇಟರ್‌ನಲ್ಲಿದ್ದವರಿಗೆ ನುಂಗುವ ಶಕ್ತಿ ಕೆಲವು ದಿನ ಕುಂದಿರಬಹುದು. ನೀರು ಕುಡಿಯುವಾಗ ಕೆಮ್ಮು, ಉಂಡ ಮೇಲೆ ಗಂಟಲಲ್ಲಿ ಗುಳುಗುಳು ದನಿ ಬಂದರೆ ಅನ್ನನಾಳ ಸೇರಬೇಕಾದದ್ದು ಶ್ವಾಸಕೋಶದ ಕಡೆ ಹೋಗುತ್ತಿದೆ ಎಂದರ್ಥ. ನೆಟ್ಟಗೆ ಕೂರಿಸಿಯೇ ಉಣ್ಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ, ವೈದ್ಯರಿಗೆ ತಿಳಿಸಿ.

## ಹಂತ 7: ಎದ್ದು ಕೂರುವುದು, ನಿಲ್ಲುವುದು, ನಡೆಯುವುದು

‘ಆರಾಮ ಮಾಡು, ಏಳಬೇಡ’ ಎನ್ನುವುದು ನಮ್ಮ ಪ್ರೀತಿಯ ಮಾತು. ಈ ಕಾಯಿಲೆಯ ಮಟ್ಟಿಗೆ ಅದು ಹಾನಿಯ ಮಾತು. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಶ್ವಾಸಕೋಶದ ತಳಭಾಗ ಅರಳುವುದಿಲ್ಲ, ಬೆನ್ನಿನ ಚರ್ಮ ಕೆಡುತ್ತದೆ.

ಏಳುವುದಕ್ಕೂ ಕ್ರಮವಿದೆ. ಮೊದಲು ಮಗ್ಗುಲಾಗಿ, ಕೈ ಊರಿ ಎದ್ದು ಮಂಚದ ಅಂಚಿಗೆ ಕುಳಿತುಕೊಳ್ಳಬೇಕು. ಎರಡು ಮೂರು ನಿಮಿಷ ಹಾಗೆಯೇ ಕುಳಿತು ಪಾದ ಆಡಿಸಬೇಕು. ನಂತರ ನಿಂತು, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ, ತಲೆ ಸುತ್ತದಿದ್ದರೆ ಹೆಜ್ಜೆ ಇಡಬೇಕು. ಜೊತೆಗಿರುವವರು ರೋಗಿಯ ದುರ್ಬಲ ಪಕ್ಕದಲ್ಲಿ ನಿಲ್ಲಬೇಕು. ಕೈ ಹಿಡಿದು ಎಳೆಯಬಾರದು, ಸೊಂಟಕ್ಕೆ ಕಟ್ಟಿದ ಅಗಲವಾದ ಪಟ್ಟಿಯನ್ನು ಹಿಡಿದಿರಬೇಕು.

ಮೊದಲ ವಾರ: ಮೂರು ಹೊತ್ತಿನ ಊಟವೂ ಕುರ್ಚಿಯಲ್ಲಿ. ಕುರ್ಚಿಯಿಂದ ಎದ್ದು ನಿಂತು ಮತ್ತೆ ಕೂರುವುದು ಐದು ಸಲ, ದಿನಕ್ಕೆ ಮೂರು ಬಾರಿ. ಮನೆಯೊಳಗೆ ಎರಡು ಮೂರು ನಿಮಿಷದ ನಡಿಗೆ, ನಾಲ್ಕೈದು ಬಾರಿ. ಎರಡನೇ ವಾರ: ಜಗುಲಿಯ ತನಕ, ಅಲ್ಲಿ ಬೆಳಗಿನ ಬಿಸಿಲಿಗೆ ಕುಳಿತುಕೊಳ್ಳುವುದು. ಮೂರು, ನಾಲ್ಕನೇ ವಾರ: ಸಮತಟ್ಟಾದ ಅಂಗಳದಲ್ಲಿ ಹತ್ತು ನಿಮಿಷ, ದಿನಕ್ಕೆ ಎರಡು ಸಲ, ನಾಲ್ಕೈದು ಮೆಟ್ಟಿಲು. ಆರನೇ ವಾರದ ಹೊತ್ತಿಗೆ 20 ನಿಮಿಷದ ನಡಿಗೆ ಬಹಳಷ್ಟು ಜನರಿಗೆ ಸಾಧ್ಯ. ಆಗದಿದ್ದರೆ ಗಾಬರಿ ಬೇಡ, ವಯಸ್ಸಿಗೆ ತಕ್ಕಂತೆ ತಿಂಗಳುಗಳೇ ಹಿಡಿಯಬಹುದು.

ಅಳತೆಗೋಲು ಎರಡು. ನಡೆಯುತ್ತ ಒಂದು ವಾಕ್ಯ ಮಾತನಾಡಲು ಬರಬೇಕು. ಮರುದಿನ ಬೆಳಗ್ಗೆ ಏಳಲಾಗದಷ್ಟು ಸುಸ್ತಾದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು. ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಹುಮ್ಮಸ್ಸು ಬಂದ ದಿನ ತೋಟಕ್ಕೆ ಇಳಿದು ಬರುತ್ತೇನೆ ಎನ್ನುವವರನ್ನು ತಡೆಯಿರಿ. ಇಳಿಯುವುದು ಸುಲಭ, ಏರು ಹತ್ತುವುದಿದೆ. ಮಳೆಗಾಲದ ತೋಟ, ಗದ್ದೆಯ ನೀರಿನಲ್ಲಿ ಇಲಿ ಜ್ವರದ ಭಯವೂ ಇದೆ. ಕಾರವಾರದವರು ಟ್ಯಾಗೋರ್ ಕಡಲತೀರದಲ್ಲಿ ನಡೆಯಲು ಆಸೆಪಡುತ್ತಾರೆ. ಸಡಿಲ ಮರಳಿನಲ್ಲಿ ಹೆಜ್ಜೆಗೆ ಎರಡು ಪಟ್ಟು ಶ್ರಮ. ಮೊದಲು ಗಟ್ಟಿ ನೆಲ.

## ಹಂತ 8: ಉಸಿರು ಮತ್ತು ಚರ್ಮ

ಮೂರು ಚೆಂಡಿನ ಉಸಿರಾಟದ ಉಪಕರಣ ಕೊಟ್ಟಿದ್ದರೆ, ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಊದುವುದಲ್ಲ, ಒಳಗೆ ಎಳೆಯುವುದು. ಹತ್ತರಲ್ಲಿ ಐದು ಜನ ಇಲ್ಲಿ ತಪ್ಪುತ್ತಾರೆಂದು ನನಗೆ ಅನ್ನಿಸಿದೆ. ಹೆಚ್ಚು ಹೊತ್ತು ಮಲಗಿರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸ್ನಾನ ಮಾಡಿಸುವಾಗ ಬಾಲಮೂಳೆಯ ಜಾಗ, ಹಿಮ್ಮಡಿ ನೋಡಿ. ಬೆರಳಿನಿಂದ ಒತ್ತಿದರೂ ಬಿಳುಪಾಗದ ಕೆಂಪು ಕಲೆ ಕಂಡರೆ ಹುಣ್ಣು ಶುರುವಾಗುತ್ತಿದೆ ಎಂದು ತಿಳಿದು, ಆ ಭಾಗದ ಮೇಲೆ ಭಾರ ಬೀಳದಂತೆ ಮಲಗಿಸಿ.

ಎರಡು ಮೂರು ತಿಂಗಳ ನಂತರ ತಲೆಗೂದಲು ಹಿಡಿಹಿಡಿಯಾಗಿ ಉದುರಬಹುದು. ದೊಡ್ಡ ಕಾಯಿಲೆಯ ನಂತರ ಇದು ಸಾಮಾನ್ಯ, ಮತ್ತೆ ಬರುತ್ತದೆ. ಮೊದಲೇ ಹೇಳಿಟ್ಟರೆ ಹೆದರುವುದಿಲ್ಲ.

## ಹಂತ 9: ಮನಸ್ಸು

ಚಾವಣಿಯಿಂದ ನೀರು ಇಳಿಯುತ್ತಿತ್ತು, ತನ್ನನ್ನು ಕಟ್ಟಿಹಾಕಿ ದೋಣಿಯಲ್ಲಿ ಒಯ್ಯುತ್ತಿದ್ದರು ಎಂದು ಆಯಿ ಮೂರು ವಾರ ರಾತ್ರಿ ಬೆಚ್ಚಿ ಏಳುತ್ತಿದ್ದಳು. ನಾವು ‘ಅದೆಲ್ಲ ಭ್ರಮೆ, ಮರೆತುಬಿಡು’ ಎನ್ನುತ್ತಿದ್ದೆವು. ಅದು ತಪ್ಪು. ಐಸಿಯುನಲ್ಲಿ ಔಷಧ, ಸೋಂಕು, ನಿದ್ದೆಗೇಡು ಸೇರಿ ಮೂಡುವ ಈ ದೃಶ್ಯಗಳು ಕಂಡವರಿಗೆ ನಿಜವಾದ ಅನುಭವದಷ್ಟೇ ಗಟ್ಟಿ. ಪೂರ್ತಿ ಕೇಳಿಸಿಕೊಳ್ಳಿ. ನಂತರ, ಯಾವ ದಿನ ಏನಾಯಿತು, ಯಾರು ಜೊತೆಗಿದ್ದರು, ಕೈ ಕಟ್ಟಿದ್ದು ಯಾಕೆ ಎಂದು ದಿನಾಂಕದ ಪ್ರಕಾರ ಹೇಳಿ. ನಾನು ನೋಟ್‌ಬುಕ್‌ನ ಹಿಂಬದಿಯಿಂದ ಆ 17 ದಿನಗಳ ಕಥೆ ಬರೆದು ಓದಿ ಹೇಳಿದೆ. ಕಳೆದುಹೋದ ದಿನಗಳು ಕೈಗೆ ಸಿಕ್ಕ ಮೇಲೆ ಅವಳ ರಾತ್ರಿಗಳು ಶಾಂತವಾದವು.

ಹಗಲು ನಿದ್ದೆ ಅರ್ಧ ಗಂಟೆ ಸಾಕು. ಕಿಟಕಿ ತೆರೆದು ಬೆಳಕು ಬಿಡಿ. ಎದುರಿಗೆ ಗಡಿಯಾರ, ಕ್ಯಾಲೆಂಡರ್ ಇರಲಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ, ಮಾತು ಬಿಟ್ಟು ಗೋಡೆ ನೋಡುತ್ತ ಕುಳಿತರೆ, ಬದುಕು ಬೇಡ ಎಂಬ ಮಾತು ಒಮ್ಮೆ ಬಂದರೂ, ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತನಾಡಬಹುದು.

## ಹಂತ 10: ನೋಡಲು ಬರುವವರು

ಬರಬೇಡಿ ಎನ್ನಲು ನಮ್ಮ ಊರುಗಳಲ್ಲಿ ಬಾಯಿ ಬಾರದು. ಹೊತ್ತು ಗೊತ್ತುಮಾಡಿ: ಸಂಜೆ 4ರಿಂದ 5, ಜಗುಲಿಯಲ್ಲಿ, ಒಮ್ಮೆಗೆ ಇಬ್ಬರು. ಶೀತ, ಕೆಮ್ಮು ಇದ್ದವರು ಅಂಗಳದಿಂದಲೇ ಮಾತನಾಡಿಸಲಿ. ಕೈಗೆ ಸೋಪು, ನೀರು ಜಗುಲಿಯ ತುದಿಯಲ್ಲೇ ಇರಲಿ. ಕಾಯಿಲೆಯ ಕಥೆಯನ್ನು ರೋಗಿಯ ಬಾಯಿಂದ ಮತ್ತೆ ಮತ್ತೆ ಹೇಳಿಸಬೇಡಿ, ಮನೆಯವರೊಬ್ಬರು ಹೇಳಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿನಲ್ಲಿ ಬಿಡುಗಡೆಯಾದರೆ ಶಿರಸಿ ಪೇಟೆಯ ಮನೆಗಿಂತ ಹಳ್ಳಿಯ ತಂಗಿಯ ಮನೆಯೋ ಅಣ್ಣನ ಮನೆಯೋ ಮೇಲು.

## ಮಳೆಗಾಲದ ಹೆಚ್ಚುವರಿ ಸಿದ್ಧತೆ

ಆರಿದ್ರಾ ಮಳೆ ಹಿಡಿಯಿತೆಂದರೆ ಕರೆಂಟ್ ಎರಡು ದಿನ ಬಾರದಿರಬಹುದು. ಮನೆಯಲ್ಲೂ ಆಮ್ಲಜನಕ ಬೇಕಾದವರಿಗೆ ಕೊಡುವ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಯಂತ್ರ) ಕರೆಂಟಿನಲ್ಲೇ ನಡೆಯುವುದರಿಂದ ಸಿಲಿಂಡರ್ ಒಂದನ್ನು ತುಂಬಿಸಿಡಿ. 1,500 ಲೀಟರ್ ಹಿಡಿಸುವ ಬಿ ಮಾದರಿಯ ಸಿಲಿಂಡರ್ ನಿಮಿಷಕ್ಕೆ 2 ಲೀಟರ್‌ನಂತೆ ಸುಮಾರು 12 ಗಂಟೆ ಬರುತ್ತದೆ. ಆ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಕೂಡದು. ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯನ್ನು ಫ್ರಿಜ್ ಇಲ್ಲದಿದ್ದರೂ ತಣ್ಣನೆಯ ಜಾಗದಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ಒಲೆಯ ಬಳಿಯ ಕಪಾಟಿನಲ್ಲಿ ಇಡಬೇಡಿ. ಬಾವಿಯ ನೀರನ್ನು ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿಯೇ ಕೊಡಿ.

ರಸ್ತೆಯ ಲೆಕ್ಕವೂ ಇರಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆಗಿತ್ತು. ಅಂಥ ದಿನ ನಿಮ್ಮ ಮನೆಯಿಂದ ಯಾವ ಆಸ್ಪತ್ರೆಗೆ, ಯಾವ ದಾರಿಯಲ್ಲಿ ಹೋಗುತ್ತೀರಿ? ದೊಡ್ಡ ಆಸ್ಪತ್ರೆ ಮುಟ್ಟುವ ಮೊದಲು ಆಮ್ಲಜನಕ, ಸಲೈನ್ ಸಿಗುವ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು? ಮೊಬೈಲ್ ಸಿಗ್ನಲ್ ಇಲ್ಲದ ಹಳ್ಳಿಯಾದರೆ ಸಿಗ್ನಲ್ ಸಿಗುವ ಜಾಗ ಯಾವುದು, ರಾತ್ರಿ ಕರೆದರೆ ವಾಹನ ತರುವ ನೆರೆಯವರು ಯಾರು? ಉತ್ತರಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ 108ರ ಕೆಳಗೆ ಬರೆಯಿರಿ.

## ಹಂತ 11: ಮರುಭೇಟಿಗಳು

ಮೊದಲ ಭೇಟಿಯನ್ನು ಬಿಡುಗಡೆಯಾಗಿ ಒಂದೆರಡು ವಾರದೊಳಗೆ ಮುಗಿಸಿ. ದೂರದ ಆಸ್ಪತ್ರೆಗೆ ಹೋಗಲಾಗದಿದ್ದರೆ ಊರಿನ ವೈದ್ಯರಿಗಾದರೂ ಕಾಗದ ತೋರಿಸಿ. ಆರನೇ ವಾರದ ಭೇಟಿಗೆ ನೋಟ್‌ಬುಕ್, ಎಲ್ಲ ಮಾತ್ರೆಗಳ ಪಟ್ಟಿಗಳಿರುವ ಚೀಲ, ಹೊಸ ರಕ್ತಪರೀಕ್ಷೆಯ ಫಲಿತಾಂಶ ಒಯ್ಯಿರಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸಬೇಕೆಂದು ಕೇಳಿ. ನೋಡಿಕೊಳ್ಳುತ್ತಿರುವವರು ತಮ್ಮ ರಕ್ತದೊತ್ತಡವನ್ನೂ ಅದೇ ದಿನ ಪರೀಕ್ಷಿಸಿಕೊಳ್ಳಲಿ; ಆರು ವಾರ ನಿದ್ದೆಗೆಟ್ಟ ನನ್ನ ಹೆಂಡತಿಯದು 160 ತೋರಿಸಿತ್ತು. ಎದ್ದು ಹೊರಡುವ ಮೊದಲು ಪ್ರತಿ ಮಾತ್ರೆಯನ್ನೂ ಮೇಜಿನ ಮೇಲಿಟ್ಟು ಒಂದೊಂದಾಗಿ ತೋರಿಸಿ ಕೇಳಿ: ಇದು ಇನ್ನೂ ಬೇಕೇ? ಆಯಿಯ ಒಂಬತ್ತು ಮಾತ್ರೆಗಳಲ್ಲಿ ನಾಲ್ಕು ಅಂದೇ ನಿಂತವು.